ಜಪಾನಿನ ಪುಡಿ ತಗೊಂಡ್ರೆ ಭುಜದ ನೋವು ಹೋಗುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನನಗೆ 54 ವರ್ಷ, ರಾಜಾಜಿನಗರದಲ್ಲಿದ್ದೀವಿ. ತುಂಬಾ ತಿಂಗಳಿಂದ ಬಲಭುಜ ನೋವು, ಜಡೆ ಹಾಕ್ಕೊಳ್ಳೋಕೆ ಕೈ ಹಿಂದೆ ಹೋಗಲ್ಲ, ಬಸ್ಸಲ್ಲಿ ಮೇಲಿನ ಕಂಬಿ ಹಿಡಿಯೋಕಾಗಲ್ಲ, ರಾತ್ರಿ ಆ ಮಗ್ಗುಲಿಗೆ ತಿರುಗಿದ್ರೆ ಎಚ್ಚರ ಆಗ್ಬಿಡುತ್ತೆ. ಒಸಾಕಾದಲ್ಲಿರೋ ಮಗಳು ಕಕ್ಕೊಂತೋ ಅನ್ನೋ ಗಿಡಮೂಲಿಕೆ ಪುಡಿ ಕಳಿಸಿದ್ದಾಳೆ. ಬಿಪಿಗೆ ಹೈಡ್ರೋಕ್ಲೋರೋಥಯಜೈಡ್ ಸೇರಿರೋ ಮಾತ್ರೆ ತಗೋತೀನಿ, ಶುಗರ್ ಬಾರ್ಡರ್ ಅಂದಿದ್ರು. ಗಿಡಮೂಲಿಕೆನೇ ಅಲ್ವಾ, ತಗೋಬಹುದಾ?

ಉತ್ತರ: ಬೇಡಮ್ಮ, ಸದ್ಯಕ್ಕೆ ಪ್ಯಾಕೆಟ್ ಒಡೀಬೇಡಿ. ಮಗಳು ಕಳಿಸಿರೋದು ಸುಮ್ನೆ ಯಾವುದೋ ಪುಡಿ ಅಲ್ಲ, ಕಾಂಪೊ ಅಂತ ಜಪಾನಿನ ಸಾಂಪ್ರದಾಯಿಕ ವೈದ್ಯದ್ದು, ಚೀನಾದಿಂದ ಹೋಗಿ ಅಲ್ಲಿ ಬೇರೆ ರೂಪ ತಗೊಂಡಿದ್ದು. ಅಲ್ಲಿ ಎಂಬಿಬಿಎಸ್ ಥರದ ಓದು ಓದಿದ ಡಾಕ್ಟರುಗಳೇ ನಾಡಿ, ನಾಲಿಗೆ ನೋಡಿ, ಹೊಟ್ಟೆ ಒತ್ತಿ ನೋಡಿ ಬರ್ಕೊಡ್ತಾರೆ, 148 ಕಾಂಪೊ ಔಷಧಿಗಳಿಗೆ ಸರ್ಕಾರಿ ವಿಮೆ ಕೂಡ ಇದೆ. ಅಂದ್ರೆ ಜಪಾನಲ್ಲೂ ಇದು ಆಳು ನೋಡಿ ಕೊಡೋ ಔಷಧಿ.

ಕಕ್ಕೊಂತೋದಲ್ಲಿ ಏಳು ಸಾಮಾನು: ಕುಡ್ಜು ಬಳ್ಳಿ ಬೇರು, ಎಫೆಡ್ರಾ ಅನ್ನೋ ಗಿಡದ ಕಾಂಡ, ಚಕ್ಕೆ, ಶುಂಠಿ, ಪಿಯೋನಿ ಬೇರು, ಎಲಚಿ ಜಾತಿ ಹಣ್ಣು, ಅತಿಮಧುರ. ಶುಂಠಿ, ಚಕ್ಕೆ ನಮ್ಮನೆ ಡಬ್ಬಿಲೂ ಇರೋದೇ, ಆದ್ರೆ ಎಫೆಡ್ರಾದಲ್ಲಿರೋ ಎಫೆಡ್ರಿನ್ ಬಿಪಿ ಏರಿಸುತ್ತೆ, ಎದೆ ಢವಢವ ಅನ್ಸುತ್ತೆ, ಮೊದಲೇ ಕೆಟ್ಟಿರೋ ನಿದ್ದೆ ಇನ್ನೂ ಕೆಡುತ್ತೆ. ಅತಿಮಧುರ ಜಾಸ್ತಿ ದಿನ ಹೋದ್ರೆ ಮೈಯಲ್ಲಿ ಪೊಟ್ಯಾಸಿಯಂ ಇಳಿಯುತ್ತೆ, ನಿಮ್ಮ ಬಿಪಿ ಮಾತ್ರೆಲಿರೋ ಹೈಡ್ರೋಕ್ಲೋರೋಥಯಜೈಡೂ ಅದನ್ನೇ ಇಳಿಸೋದು, ಎರಡೂ ಸೇರಿದ್ರೆ ಕೈಕಾಲು ಸೋಲೋದು, ಕಾಲು ಊದೋದು, ಹೃದಯದ ಬಡಿತ ತಪ್ಪೋದು ಎಲ್ಲಾ ಆಗಬಹುದು. ನನಗೆ ಭಯ ಇರೋದು ಇಲ್ಲೇ.

ಇನ್ನೊಂದು, ಕಕ್ಕೊಂತೋ ಹೆಚ್ಚಾಗಿ ಕೊಡೋದು ನೆಗಡಿ ಶುರುವಾದಾಗ, ಕತ್ತು ಭುಜ ಬಿಗಿ ಹಿಡಿದಾಗ. ನೀವು ಹೇಳ್ತಿರೋದು ಕೇಳಿದ್ರೆ ಫ್ರೋಜನ್ ಶೋಲ್ಡರ್ ಇರೋ ಹಾಗಿದೆ, ಕೀಲಿನ ಸುತ್ತ ಇರೋ ಪೊರೆನೇ ದಪ್ಪ ಆಗಿ ಕುಗ್ಗಿರುತ್ತೆ. ಅದಕ್ಕೆ ಅವರಲ್ಲಿ ನಿಜುತ್ಸುತೋ ಅಂತ ಬೇರೆ ಔಷಧಿ ಇದೆ, ಅದರಲ್ಲೂ ಅತಿಮಧುರ ಇರೋದ್ರಿಂದ ಅದನ್ನೂ ತರಿಸ್ಕೋಬೇಡಿ.

ಶುಗರ್ ಇರೋರಿಗೆ ಫ್ರೋಜನ್ ಶೋಲ್ಡರ್ ಜಾಸ್ತಿ, ಹಾಗಾಗಿ ಮೊದಲು ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸೋ ರಕ್ತ ಪರೀಕ್ಷೆ, ಮಾಡಿಸಿ. ಮಲ್ಲೇಶ್ವರಂ ಕೆ.ಸಿ. ಜನರಲ್ ಆಸ್ಪತ್ರೆ ನಿಮಗೆ ಹತ್ತಿರ, ಮೂಳೆ ಡಾಕ್ಟರಿಗೆ ತೋರಿಸಿ, ಪುಡಿ ಪ್ಯಾಕೆಟ್ಟೂ ತಗೊಂಡು ಹೋಗಿ. ಫಿಸಿಯೋ ಬಿಡ್ಬೇಡಿ, ಇದು ವಾಸಿ ಆಗೋಕೆ ವರ್ಷ, ಕೆಲವರಿಗೆ ಎರಡು ಮೂರು ವರ್ಷನೂ ಹಿಡಿಯುತ್ತೆ, ಆದ್ರೆ ಹೆಚ್ಚಿನವರಿಗೆ ಕೈ ಚೆನ್ನಾಗೇ ಸಡಿಲ ಆಗುತ್ತೆ. ಅಲ್ಲೀವರೆಗೂ ಬಿಸಿ ಶಾಖ ಕೊಟ್ಟು, ಎಡಗೈಲಿ ಟೇಬಲ್ ಹಿಡ್ಕೊಂಡು ಬಗ್ಗಿ, ಬಲಗೈನ ಸಡಿಲವಾಗಿ ಇಳಿಬಿಟ್ಟು ಸಣ್ಣದಾಗಿ ಸುತ್ತಿಸಿ, ನೋವು ಜೋರಾದ್ರೆ ನಿಲ್ಸಿ. ಭುಜದ ನೋವಿನ ಜೊತೆ ಎದೆ ಹಿಡಿದ ಹಾಗಾಗಿ ಬೆವರು ಬಂದ್ರೆ ಮಾತ್ರ ಕಾಯ್ಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ.