ಬೆನ್ನ ಹಿಂದಿದ್ದ ರನ್‌ವೇಗೆ ಅವರೇಕೆ ಮರಳಲಿಲ್ಲ?

ಮಾನ್ಯರೇ,

ಕಳೆದ ಸಂಚಿಕೆಯ ವಿಮಾನ ಅವಘಡದ ವರದಿ ಓದಿ ಸಿಟ್ಟಿನಿಂದಲೇ ಬರೆದಿದ್ದೀರಿ. ಎರಡು ಸೀಟಿನ ಹಗುರ ವಿಮಾನ ನೆಲ ಬಿಟ್ಟು ಸುಮಾರು 60 ಮೀಟರ್ ಏರಿದಾಗ ಎಂಜಿನ್ ನಿಂತಿತು. ಪೈಲಟ್ ಎದುರಿಗಿದ್ದ ಹೊಲದಲ್ಲೇ ಇಳಿಸಿದರು. ವಿಮಾನ ಪಲ್ಟಿಯಾಗಿ ನಜ್ಜುಗುಜ್ಜಾಯಿತು, ಇಬ್ಬರೂ ಗಾಯಗೊಂಡು ಬದುಕಿದರು. "ಅಷ್ಟುದ್ದದ ರನ್‌ವೇ ಬೆನ್ನ ಹಿಂದೆಯೇ ಇರುವಾಗ ಹೊಲಕ್ಕೆ ನುಗ್ಗಿಸಿದವರನ್ನು ಪೈಲಟ್ ಎನ್ನಬೇಕೆ?" ಎಂದು ಕೇಳಿದ್ದೀರಿ. ಎನ್ನಲೇಬೇಕು. ಮರಳಲು ಹೋಗದಿದ್ದುದರಿಂದಲೇ ಇಬ್ಬರೂ ಉಳಿದರೆಂದು ನಾನು ನಂಬಿದ್ದೇನೆ.

ಏರುವಾಗ ವಿಮಾನದ ಮೂತಿ ಮೇಲಕ್ಕಿರುತ್ತದೆ. ಎಂಜಿನ್ ನಿಂತ ಕೂಡಲೇ ವೇಗ ಕುಸಿಯುತ್ತದೆ. ಏನಾಯಿತೆಂದು ಮನಸ್ಸಿಗೆ ನಾಟಲಿಕ್ಕೇ ಕೆಲವು ಸೆಕೆಂಡು ಬೇಕು. ಆಗ ಮೊದಲು ಮಾಡಬೇಕಾದದ್ದು ಮೂತಿ ತಗ್ಗಿಸುವುದು. ನೆಲ ಇಷ್ಟು ಹತ್ತಿರವಿರುವಾಗ ನೆಲದತ್ತಲೇ ಮೂತಿ ಮಾಡಲು ಯಾರ ಕೈಯೂ ಸುಲಭಕ್ಕೆ ಒಪ್ಪದು. ತಗ್ಗಿಸದೆ ಎಳೆದು ಹಿಡಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಳಚಿಕೊಂಡು ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗೆ ಅದನ್ನು ಹೊರುವ ಶಕ್ತಿ ಉಳಿಯುವುದಿಲ್ಲ.

ಇನ್ನು ತಿರುಗುವ ಮಾತು. 180 ಡಿಗ್ರಿ ತಿರುಗಿದ ಮಾತ್ರಕ್ಕೆ ರನ್‌ವೇ ಸಿಗುವುದಿಲ್ಲ, ಅದರ ಪಕ್ಕಕ್ಕೆ ಬಂದಿರುತ್ತೀರಿ. ಇನ್ನಷ್ಟು ತಿರುಗಿ, ಮತ್ತೆ ಆಚೆಗೆ ಹೊರಳಿ ನೇರವಾಗಬೇಕು. ಬೇಗ ತಿರುಗಲೆಂದು 45 ಡಿಗ್ರಿ ವಾಲಿಸಿದರೆ ರೆಕ್ಕೆ ಹೊರಬೇಕಾದ ಭಾರ 1.4 ಪಟ್ಟಾಗಿ, ಸ್ಟಾಲ್ ವೇಗ ಶೇ 19ರಷ್ಟು ಏರುತ್ತದೆ. 60 ಡಿಗ್ರಿಗೆ ಶೇ 41. ನೇರ ಹಾರುವಾಗ ಗಂಟೆಗೆ 80 ಕಿ.ಮೀ.ವರೆಗೂ ತಾಳಿಕೊಳ್ಳುವ ವಿಮಾನ ಆಗ 113ಕ್ಕೇ ಸೋಲುತ್ತದೆ. ಅದೂ ಒಂದು ರೆಕ್ಕೆ ಮೊದಲು ಸೋತು, ಗಿರ್ರನೆ ಸುತ್ತಿ, ಮೂತಿ ಕೆಳಗಾಗಿ. 60 ಮೀಟರಿನಲ್ಲಿ ಅದನ್ನು ಸರಿಪಡಿಸಿಕೊಳ್ಳಲು ಎತ್ತರವೇ ಇಲ್ಲ. ಪೈಲಟ್‌ಗಳ ಬಾಯಲ್ಲಿ ಇದಕ್ಕೆ 'ಇಂಪಾಸಿಬಲ್ ಟರ್ನ್' ಎಂದೇ ಹೆಸರು. ಸಾಕಷ್ಟು ಎತ್ತರವಿದ್ದು, ಮೊದಲೇ ಅಭ್ಯಾಸ ಮಾಡಿದವರು ಮರಳಿ ಇಳಿದದ್ದೂ ಉಂಟು, ಆದರೆ ಇಲ್ಲಿ ಆ ಎತ್ತರ ಇರಲಿಲ್ಲ.

ಹೊಲ ಅಪಾಯಕರವಲ್ಲವೇ ಎನ್ನುತ್ತೀರಿ. ಅಪಾಯಕರವೇ. ಆದರೆ 80 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದ ವಿಮಾನ ಮೂರು ಮೀಟರಿನಷ್ಟು ದೂರದಲ್ಲಿ ಒಂದೇ ಸಮನೆ ನಿಂತರೆ, ಒಳಗಿದ್ದವರ ಮೇಲೆ ಬೀಳುವ ಒತ್ತಡ ಅವರ ತೂಕದ ಸುಮಾರು ಎಂಟೂವರೆ ಪಟ್ಟು. ಭುಜದ ಪಟ್ಟಿ ಬಿಗಿದಿದ್ದರೆ ಮನುಷ್ಯದೇಹ ಅದನ್ನು ತಡೆದುಕೊಳ್ಳಬಲ್ಲದು. ಚಕ್ರ ಮುರಿಯಲಿ, ರೆಕ್ಕೆ ಸೀಳಲಿ. ಅವು ಮುರಿದಷ್ಟೂ ಪೆಟ್ಟು ಅವುಗಳಿಗೆ ಹಂಚಿಹೋಗುತ್ತದೆ. ಅನುಭವಿಗಳು ಈ ತೀರ್ಮಾನವನ್ನು ಆಕಾಶದಲ್ಲಿ ಮಾಡುವುದಿಲ್ಲ. ಹೊರಡುವ ಮುಂಚೆಯೇ "ಇಷ್ಟು ಎತ್ತರಕ್ಕಿಂತ ಕೆಳಗೆ ಎಂಜಿನ್ ನಿಂತರೆ ನೇರಕ್ಕೇ ಇಳಿಸುತ್ತೇನೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ.

ನೆಲದಲ್ಲಿ ಚೆನ್ನಾಗಿ ಓಡಿದ ಎಂಜಿನ್ ಮೇಲೆ ಹೇಗೆ ನಿಲ್ಲುತ್ತದೆ ಎಂಬ ನಿಮ್ಮ ಇನ್ನೊಂದು ಅನುಮಾನಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಟ್ಯಾಂಕಿನ ಒಳಗೋಡೆಯಲ್ಲಿ ಹನಿಗಟ್ಟಿದ ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಮೂತಿ ಎತ್ತಿ ಏರುವಾಗ ಅದು ಜರುಗಿ ಎಂಜಿನ್ ಮುಟ್ಟಬಹುದು. ಹಾರುವ ಮುನ್ನ ತಳದಿಂದ ಒಂದಿಷ್ಟು ಇಂಧನ ಬಸಿದು ಪಾರದರ್ಶಕ ಬಟ್ಟಲಲ್ಲಿ ನೋಡುವುದು ಇದಕ್ಕೇ. ತೇವದ ಗಾಳಿಯಿದ್ದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲೂ ಗಾಳಿಗೆ ಇಂಧನ ಬೆರೆಸುವ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಲ್ಲದು.

ನಿಮ್ಮ ಸಿಟ್ಟಿಗೆ ನಮ್ಮದೂ ಪಾಲಿದೆ. 'ನಿಯಂತ್ರಣ ತಪ್ಪಿ ಹೊಲಕ್ಕೆ ನುಗ್ಗಿದ ವಿಮಾನ' ಎಂದು ಶೀರ್ಷಿಕೆ ಕೊಟ್ಟವರು ನಾವು. ಕೈಕೊಟ್ಟದ್ದು ಎಂಜಿನ್. ನಿಯಂತ್ರಣ ನೆಲ ಮುಟ್ಟುವವರೆಗೂ ಪೈಲಟ್ ಕೈಯಲ್ಲೇ ಇತ್ತು. ಅವರಲ್ಲಿ ಕ್ಷಮೆ ಕೇಳಿ ಪತ್ರ ಬರೆದಿದ್ದೇನೆ. ತಿದ್ದುಪಡಿ ಇದೇ ಪುಟದ ಕೆಳಗಿದೆ.

– ಸಂಪಾದಕ