ಬಚ್ಚಲ ಒಲೆಯ ಹೊಗೆ, ಮೊಬೈಲಿನ ‘ಉತ್ತಮ’ ಗಾಳಿ

ಪ್ರಶ್ನೆ: ನಮ್ಮದು ಮೂಡಿಗೆರೆ ಸಮೀಪದ ತೋಟದ ಮನೆ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಗಿನ ಜಾವ ಬಚ್ಚಲ ಒಲೆಯ ಹೊಗೆ ಮಂಜಿನೊಡನೆ ಸೇರಿ ಅಂಗಳದಲ್ಲೇ ನಿಲ್ಲುತ್ತದೆ, ಅತ್ತೆಯವರಿಗೆ ಕೆಮ್ಮು ಹೆಚ್ಚುತ್ತದೆ. ಮೊಬೈಲಿನಲ್ಲಿ ಮಾತ್ರ ಗಾಳಿ ‘ಉತ್ತಮ’ ಎಂದೇ ಇರುತ್ತದೆ. ಯಾವುದನ್ನು ನಂಬಬೇಕು? ಗಾಳಿಯಲ್ಲಿರುವುದು ಒಲೆಯ ಹೊಗೆಯೋ ಲಾರಿಯ ಹೊಗೆಯೋ ಎಂದು ವಿಜ್ಞಾನಿಗಳು ಹೇಗೆ ಗುರುತಿಸುತ್ತಾರೆ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಈ ವಿಷಯದಲ್ಲಿ ಮೊಬೈಲಿಗಿಂತ ನಿಮ್ಮ ಅತ್ತೆಯವರ ಕೆಮ್ಮನ್ನು ನಂಬುವುದೇ ಲೇಸು. ಹತ್ತಿರದಲ್ಲಿ ಮಾಪನ ಕೇಂದ್ರವಿಲ್ಲದ ಊರುಗಳಿಗೆ ಆ್ಯಪ್‌ಗಳು ತೋರಿಸುವುದು ಸಾಮಾನ್ಯವಾಗಿ ಉಪಗ್ರಹದ ಮಾಹಿತಿ ಹಾಗೂ ಗಣಕದ ಲೆಕ್ಕಾಚಾರದಿಂದ ಬಂದ ಅಂದಾಜು. ಹಲವು ಕಿಲೋಮೀಟರ್ ಅಗಲದ ಪ್ರದೇಶಕ್ಕೆಲ್ಲ ಒಂದೇ ಅಂಕಿ. ಅದರಲ್ಲಿ ನಿಮ್ಮ ಅಂಗಳ ಕಾಣುವುದಿಲ್ಲ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ಕಣಿವೆಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುವುದರಿಂದ, ಹೊಗೆ ಮೇಲೇರಲಾರದೆ ಬಿಸಿಲು ಬರುವವರೆಗೂ ಅಲ್ಲೇ ಸುಳಿದಾಡುತ್ತದೆ. ‘ಉತ್ತಮ’ ಎಂಬ ಮಾತೂ ಅಷ್ಟೇನೂ ಬಿಗಿಯಾದುದಲ್ಲ. ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಸೂಕ್ಷ್ಮ ಕಣಗಳ (ಪಿಎಂ 2.5) ದಿನದ ಸರಾಸರಿ ಘನ ಮೀಟರಿಗೆ 30 ಮೈಕ್ರೋಗ್ರಾಂವರೆಗಿದ್ದರೂ ಅದು ‘ಉತ್ತಮ’ವೇ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನಕ್ಕೆ ಹೇಳಿದ ಮಿತಿ 15.

ಹೊಗೆಯ ಮೂಲ ಗುರುತಿಸುವ ಕೆಲಸ ಸೋಸುಕಾಗದದಿಂದ ಆರಂಭವಾಗುತ್ತದೆ. ನಿಮಿಷಕ್ಕೆ 16.7 ಲೀಟರಿನಂತೆ ಇಡೀ ದಿನ ಗಾಳಿ ಎಳೆದರೆ ಸುಮಾರು 24 ಘನ ಮೀಟರ್ ಗಾಳಿ ಅಂಗೈಗಿಂತ ಚಿಕ್ಕದಾದ ಸೋಸುಕಾಗದದ ಬಿಳಿಯ ಬಿಲ್ಲೆಯೊಂದನ್ನು ಹಾದುಹೋಗುತ್ತದೆ. ಘನ ಮೀಟರಿಗೆ 40 ಮೈಕ್ರೋಗ್ರಾಂ ಕಣಗಳಿದ್ದರೂ ಅದಕ್ಕೆ ಅಂಟುವುದು ಒಂದು ಮಿಲಿಗ್ರಾಂನಷ್ಟು ಮಾತ್ರ. ಆದ್ದರಿಂದ ತಾಪವೂ ತೇವಾಂಶವೂ ಏರಿಳಿಯದ ಕೋಣೆಯಲ್ಲಿ ಆ ಬಿಲ್ಲೆಯನ್ನು ಹದಕ್ಕೆ ತಂದು, ಗಾಳಿ ಎಳೆಯುವ ಮೊದಲೊಮ್ಮೆ, ಆಮೇಲೊಮ್ಮೆ ತೂಗುತ್ತಾರೆ. ಮಲೆನಾಡಿನ ಥಂಡಿಯಲ್ಲಿ ಈ ಎಚ್ಚರ ತಪ್ಪಿದರೆ ತೂಗಿದ್ದು ಮಸಿಯನ್ನಲ್ಲ, ನೀರನ್ನು.

ಬಳಿಕ ಬರುವುದು ರಾಸಾಯನಿಕ ವಿಶ್ಲೇಷಣೆ. ಸೌದೆಯ ನಾರಿನಲ್ಲಿರುವ ಸೆಲ್ಯುಲೋಸ್ ಬೆಂಕಿಯಲ್ಲಿ ಒಡೆದಾಗ ಲೆವೊಗ್ಲುಕೋಸಾನ್ ಎಂಬ, ಸಕ್ಕರೆಯ ಬಳಗಕ್ಕೆ ಸೇರಿದ ವಸ್ತು ಹುಟ್ಟುತ್ತದೆ. ಡೀಸೆಲಿನಲ್ಲಿ ಸೆಲ್ಯುಲೋಸ್ ಇಲ್ಲವಾದ್ದರಿಂದ ಲಾರಿಯ ಹೊಗೆಯಿಂದ ಅದು ಬರುವುದಿಲ್ಲ. ಬಿಲ್ಲೆಯ ಚೂರನ್ನು ದ್ರಾವಕದಲ್ಲಿ ನೆನೆಸಿ, ಕ್ರೊಮಟೋಗ್ರಫಿಯಿಂದ ಘಟಕಗಳನ್ನು ಬಿಡಿಸಿ ನೋಡಿದಾಗ ಈ ವಸ್ತುವೂ ಪೊಟ್ಯಾಸಿಯಮ್ಮೂ ಜೊತೆಯಾಗಿ ಹೆಚ್ಚಿದ್ದರೆ ಸೌದೆ, ತರಗೆಲೆ ಸುಟ್ಟ ಹೊಗೆಯ ಪಾಲು ದೊಡ್ಡದೆಂದು ತಿಳಿಯಬಹುದು. (ನಾವು ಗಿಡದ ಬುಡಕ್ಕೆ ಬೂದಿ ಹಾಕುವುದೂ ಇದೇ ಪೊಟ್ಯಾಸಿಯಮ್ಮಿನ ಆಸೆಗೆ.)

ಒಲೆಯದಾಗಲಿ ಲಾರಿಯದಾಗಲಿ, ಹೊಗೆಯಲ್ಲಿರುವ ಕಪ್ಪು ಮಸಿ ಬಿಸಿಲನ್ನು ಹೀರಿ ವಾತಾವರಣವನ್ನು ಕಾಯಿಸುತ್ತದೆ. ಆದರೆ ಇಂಗಾಲದ ಡೈಆಕ್ಸೈಡಿನಂತೆ ಶತಮಾನಗಟ್ಟಲೆ ಉಳಿಯದೆ, ಕೆಲವು ದಿನ ಅಥವಾ ವಾರಗಳಲ್ಲಿ ಕೆಳಗಿಳಿಯುತ್ತದೆ.

ಹಸಿ ಸೌದೆ ಬೇಡ. ಒಲೆಗೆ ಸೂರಿಗಿಂತ ಎತ್ತರದ ಹೊಗೆಕೊಳವೆ ಇರಲಿ. ಅತ್ತೆಯವರ ಕೆಮ್ಮು ಎರಡು ವಾರ ದಾಟಿದ್ದರೆ ಎಲ್ಲವನ್ನೂ ಹೊಗೆಯ ಮೇಲೆ ಹೊರಿಸದೆ, ವೈದ್ಯರಿಗೆ ತೋರಿಸಿ ಕಫದ ಪರೀಕ್ಷೆಯನ್ನೂ ಮಾಡಿಸಿ.