ಕೇಳಿ, ಹೇಳ್ತೀವಿ: ರಿವ್ಯೂ ಓದೋದು, ಬರಿಯೋದು, ಕೊನೆಗೆ ಏನು ನೋಡೋದು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸಿನಿಮಾ ರಿವ್ಯೂ ಬಗ್ಗೆನೇ ಇದ್ವು. ಬೇರೆಯದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ರಾಟನ್ ಟೊಮ್ಯಾಟೋಸ್‌ನಲ್ಲಿ 95 ಪರ್ಸೆಂಟ್ ಇದೆ ಅಂತ ಒಂದು ಸಿನಿಮಾ ನೋಡ್ದೆ ಸಾರ್. ಕೆಟ್ಟದಾಗೇನೂ ಇರಲಿಲ್ಲ, ಆದ್ರೆ 95 ಕೊಡೋ ಅಂಥದ್ದು ಏನಿತ್ತೋ ದೇವರಿಗೇ ಗೊತ್ತು. ಇವರೆಲ್ಲ ದುಡ್ಡು ತಗೊಂಡು ಬರೀತಾರಾ?

ದುಡ್ಡಿನ ವಿಷಯಕ್ಕೆ ಆಮೇಲೆ ಬರೋಣ. ರಾಟನ್ ಟೊಮ್ಯಾಟೋಸ್ ಅಂದ್ರೆ ವಿಮರ್ಶಕರ ರಿವ್ಯೂಗಳನ್ನೆಲ್ಲ ಒಟ್ಟು ಹಾಕೋ ವೆಬ್‌ಸೈಟ್. ಆ 95 ಸಿನಿಮಾಗೆ ಬಿದ್ದ ಮಾರ್ಕ್ಸ್ ಅಂತ ನೀವು ತಿಳ್ಕೊಂಡಿದೀರ, ಎಡವಟ್ಟಾಗಿರೋದು ಅಲ್ಲೇ. ನೂರು ಜನ ವಿಮರ್ಶಕರು ಬರೆದಿದ್ರೆ ಅವರಲ್ಲಿ 95 ಜನ 'ನೋಡಬಹುದು' ಅನ್ನೋ ಕಡೆ ನಿಂತಿದ್ದಾರೆ, ಅಷ್ಟೇ ಅದರ ಅರ್ಥ. ಸ್ಕೂಲ್‌ನವರು ನೂರಕ್ಕೆ ನೂರು ರಿಸಲ್ಟ್ ಅಂತ ಬ್ಯಾನರ್ ಕಟ್ತಾರಲ್ಲ, ಹಂಗೆ. ಎಲ್ಲರೂ ಪಾಸಾಗಿರೋದು ನಿಜ, ಎಲ್ಲರಿಗೂ ಡಿಸ್ಟಿಂಕ್ಷನ್ ಬಂದಿದೆ ಅಂತ ಯಾರು ಹೇಳಿದ್ರು?

ಲೆಕ್ಕ ಹಾಕಿ ನೋಡಿ. ಹತ್ತು ಜನ ವಿಮರ್ಶಕರು, ಹತ್ತೂ ಜನ ಹತ್ತಕ್ಕೆ ಆರು ಕೊಟ್ರು, ಅಂದ್ರೆ 'ಪರವಾಗಿಲ್ಲ' ಅಂದ್ರು ಅಂತ ಇಟ್ಕೊಳ್ಳಿ, ಆ ಸಿನಿಮಾಗೆ ಅಲ್ಲಿ 100 ಪರ್ಸೆಂಟ್. ಇನ್ನೊಂದು ಸಿನಿಮಾನ ಐದು ಜನ ತಲೆ ಮೇಲೆ ಹೊತ್ತು ಮೆರೆಸಿ ಹತ್ತಕ್ಕೆ ಹತ್ತು ಕೊಟ್ರು, ಉಳಿದ ಐದು ಜನ ಮುಖ ಸಿಂಡರಿಸ್ಕೊಂಡು ನಾಲ್ಕು ಕೊಟ್ರು, ಅದಕ್ಕೆ 50. ಅಲ್ಲಿ 60 ಮುಟ್ಟಿದ್ರೆ ಕೆಂಪು ಟೊಮ್ಯಾಟೋ, ಇಲ್ಲಾಂದ್ರೆ ಹಸಿರು ಕಲೆ, ಹಾಗಾಗಿ ಆ ಎರಡನೇದು 'ಕೊಳೆತ' ಸಿನಿಮಾ ಲಿಸ್ಟಿಗೆ ಹೋಯ್ತು. ಸರಾಸರಿ ತೆಗೆದ್ರೆ ಮೊದಲನೇದಕ್ಕೆ ಆರು, ಎರಡನೇದಕ್ಕೆ ಏಳು! ನನ್ನ ಕೇಳಿದ್ರೆ ಕಣ್ಣುಮುಚ್ಚಿ ಎರಡನೇದನ್ನೇ ನೋಡ್ತೀನಿ, ಐದು ಜನಕ್ಕೆ ಹುಚ್ಚು ಹಿಡಿಸೋ ಅಂಥದ್ದು ಅದರಲ್ಲಿ ಏನೋ ಇದೆ. ಸುಮ್ನೆ ಪರ್ಸೆಂಟೇಜ್ ನೋಡಿ ಮುಂದೆ ಹೋಗೋ ಬದಲು ಅದರ ಮೇಲೆ ಒತ್ತಿದ್ರೆ ಹತ್ತಕ್ಕೆ ಇಷ್ಟು ಅನ್ನೋ ಸರಾಸರಿನೂ ಸಿಗುತ್ತೆ, ಆದ್ರೆ ಒತ್ತೋರು ಯಾರು.

ಮೆಟಾಕ್ರಿಟಿಕ್ ಅಂತ ಇಂಥದ್ದೇ ಇನ್ನೊಂದು ಸೈಟ್ ಇದೆ, ಅಲ್ಲಿ ಬೇರೆ ಪದ್ಧತಿ. ಒಂದೊಂದು ವಿಮರ್ಶೆನೂ ನೂರಕ್ಕೆ ಇಷ್ಟು ಅಂತ ಮಾಡ್ಕೊಂಡು ಸರಾಸರಿ ತೆಗೀತಾರೆ, ಕೆಲವು ವಿಮರ್ಶಕರ ಮಾತಿಗೆ ತೂಕ ಜಾಸ್ತಿ. ಹಂಗಾಗಿ ಅಲ್ಲಿ 70 ಬಂದ್ರೂ ಒಳ್ಳೇ ನಂಬರ್ರೇ. ಇನ್ನು ಐಎಂಡಿಬಿ ಅನ್ನೋ ಸೈಟ್‌ನ ರೇಟಿಂಗ್ ಅಂದ್ರೆ ನಮ್ಮ ನಿಮ್ಮಂಥ ನೋಡುಗರ ಓಟು. ಅಲ್ಲಿ ರೇಟಿಂಗ್ ಮೇಲೆ ಒತ್ತಿದ್ರೆ ಒಂದರಿಂದ ಹತ್ತರವರೆಗೆ ಯಾವುದಕ್ಕೆ ಎಷ್ಟು ಓಟು ಬಿದ್ದಿದೆ ಅಂತ ಸಾಲುಸಾಲಾಗಿ ಬರುತ್ತೆ, ನಾನು ಮೊದಲು ನೋಡೋದೇ ಅದನ್ನ. ಏಳು ಎಂಟರ ಹತ್ರ ಗುಡ್ಡ ಎದ್ದಿದ್ರೆ ಜನ ಸಿನಿಮಾ ನೋಡಿ ಓಟು ಹಾಕಿದ್ದಾರೆ. ಹತ್ತರಲ್ಲೊಂದು ರಾಶಿ, ಒಂದರಲ್ಲೊಂದು ರಾಶಿ, ಮಧ್ಯ ಬಯಲು ಅಂದ್ರೆ ಅಲ್ಲಿ ಫ್ಯಾನ್ಸ್ ಗಲಾಟೆ ನಡೀತಿದೆ, ಸಿನಿಮಾ ಹೆಂಗಿದೆ ಅಂತ ಅದರಿಂದ ತಿಳಿಯಲ್ಲ. 2019ರಲ್ಲಿ 'ಕ್ಯಾಪ್ಟನ್ ಮಾರ್ವೆಲ್' ಬರೋಕೆ ಮುಂಚೆನೇ ರಾಟನ್ ಟೊಮ್ಯಾಟೋಸ್‌ನಲ್ಲಿ ಜನ ಬಂದು ಬೈದು ಹೋಗ್ತಿದ್ರು. ರಿಲೀಸೇ ಆಗದ ಸಿನಿಮಾಗೆ! ಆಮೇಲೆ ಅವರು ರಿಲೀಸ್‌ಗೆ ಮುಂಚೆ ಕಮೆಂಟ್ ಹಾಕೋದನ್ನೇ ನಿಲ್ಲಿಸಿದ್ರು, ಟಿಕೆಟ್ ತಗೊಂಡಿದ್ದು ಖಾತ್ರಿಯಾದೋರ ರೇಟಿಂಗ್ ಬೇರೆಯಾಗಿ ತೋರ್ಸೋಕೂ ಶುರು ಮಾಡಿದ್ರು.

ಪ್ರಶ್ನೆ: ದುಡ್ಡಿನ ವಿಷಯ ಆಮೇಲೆ ಅಂದ್ರಲ್ಲ? (ಇದನ್ನ ಯಾರೂ ಕಳಿಸಿಲ್ಲ, ಕೇಳೇ ಕೇಳ್ತೀರ ಅಂತ ನಾನೇ ಹಾಕಿದ್ದು.)

ದುಡ್ಡು ಕೊಟ್ಟು ಬರೆಸೋದು ಇದ್ದೇ ಇದೆ. ಸೋನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಡೇವಿಡ್ ಮ್ಯಾನಿಂಗ್ ಅಂತ ವಿಮರ್ಶಕನನ್ನೇ ಸೃಷ್ಟಿ ಮಾಡ್ಬಿಟ್ಟಿದ್ರು. ಅಂಥ ಮನುಷ್ಯನೇ ಇರಲಿಲ್ಲ, ಜಾಹೀರಾತಿನಲ್ಲಿ ಮಾತ್ರ ಅವನ ಹೊಗಳಿಕೆ ಜೋರಾಗಿತ್ತು, 2001ರಲ್ಲಿ ನ್ಯೂಸ್‌ವೀಕ್ ಪತ್ರಿಕೆ ಬಯಲು ಮಾಡ್ತು. ಹಂಗಂತ ಹೊಗಳಿದೋರೆಲ್ಲ ದುಡ್ಡು ತಿಂದೋರು ಅನ್ನೋದೂ ತಪ್ಪು. ಪರೀಕ್ಷೆ ಸುಲಭ: ರಿವ್ಯೂನಲ್ಲಿ ಸಿನಿಮಾ ಹೆಸರು ತೆಗೆದು ಬೇರೆ ಸಿನಿಮಾ ಹೆಸರು ಹಾಕಿ ಓದಿ. ಏನೂ ಎಡವಟ್ಟು ಅನ್ನಿಸದೆ ಓದಿಸ್ಕೊಂಡು ಹೋದ್ರೆ ಅದು ಸಿನಿಮಾ ನೋಡಿ ಬರೆದಿದ್ದಲ್ಲ.

ಪ್ರಶ್ನೆ: ರಿವ್ಯೂನ ಸಿನಿಮಾ ನೋಡೋಕೆ ಮುಂಚೆ ಓದಬೇಕಾ, ಆಮೇಲಾ?

ಎರಡೂ. ಮುಂಚೆ ಮೊದಲ ಎರಡು ಪ್ಯಾರಾ ಸಾಕು, ನೋಡಿ ಬಂದ್ಮೇಲೆ ಪೂರ್ತಿ ಓದಿ, ಆಗಲೇ ಅದರ ರುಚಿ. ಅದಕ್ಕಿಂತ ಮುಖ್ಯ, ಇಬ್ಬರು ವಿಮರ್ಶಕರನ್ನ ಹಿಡ್ಕೊಳ್ಳಿ, ಒಬ್ಬರು ನಿಮ್ಮ ರುಚಿಯೋರು, ಇನ್ನೊಬ್ಬರು ನಿಮಗೆ ಯಾವಾಗ್ಲೂ ಉಲ್ಟಾ ಹೊಡೆಯೋರು. ಈ ಉಲ್ಟಾ ಪಾರ್ಟಿ ತುಂಬಾ ಉಪಯೋಗದೋರು. ಅವರು 'ಏನೂ ನಡೆಯಲ್ಲ, ಸುಮ್ನೆ ಕೂತು ಮಾತಾಡ್ತಾರೆ' ಅಂತ ಬೈದ್ರು ಅಂದ್ರೆ ಮಾತಿನ ಸಿನಿಮಾ ಇಷ್ಟಪಡೋ ನಾನು ತಕ್ಷಣ ಟಿಕೆಟ್ ಬುಕ್ ಮಾಡ್ತೀನಿ. ಸ್ಟಾರ್ ಎಷ್ಟು ಅನ್ನೋದನ್ನ ಬಿಟ್ಟು ಯಾಕೆ ಬೈದ್ರು ಅಂತ ನೋಡಿದ್ರೆ ಬೈಗುಳದಲ್ಲೇ ಒಳ್ಳೇ ಸಿನಿಮಾ ಸಿಗ್ತಾವೆ.

ಪ್ರಶ್ನೆ: ನಾನೂ ರಿವ್ಯೂ ಬರೀತೀನಿ ಮೇಡಂ/ಸಾರ್, ಆದ್ರೆ ಎಲ್ಲರೂ 'ಕಥೆ ಹೇಳ್ಬಿಟ್ಟೆ' ಅಂತಾರೆ. ಒಂದು ಸ್ಯಾಂಪಲ್ ಕಳಿಸಿದೀನಿ, ತಿದ್ದಿ ಕೊಡಿ.

ಸ್ಯಾಂಪಲ್ ಓದಿದೆ. ಎರಡು ಪುಟ ಕಥೆ, ಕೊನೆಗೆ ಒಂದು ಸಾಲು: 'ಕ್ಯಾಮೆರಾ ಸೂಪರ್, ಬಿಜಿಎಂ ಬೆಂಕಿ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್, ಒನ್ ಟೈಮ್ ವಾಚ್'. ಇದು ರಿವ್ಯೂ ಅಲ್ಲ, ಹಾಜರಿ ಪುಸ್ತಕ ಮಾರಾಯ್ರೆ. ಎಲ್ಲರ ಹೆಸರೂ ಕೂಗಿದೀರ, ಯಾರು ಏನು ಮಾಡಿದ್ರು ಅಂತ ಹೇಳಿಲ್ಲ.

ಆ ಲ್ಯಾಗ್ ಒಂದನ್ನೇ ಹಿಡ್ಕೊಳ್ಳೋಣ. ಯಾಕೆ ಲ್ಯಾಗ್ ಆಯ್ತು? ನಿಮ್ಮ ಎರಡು ಪುಟದ ಕಥೆಯಲ್ಲೇ ಉತ್ತರ ಇದೆ, ಅಪರಾಧಿ ಯಾರು ಅಂತ ಇಂಟರ್ವಲ್‌ಗೇ ನಮಗೆ ಗೊತ್ತಾಗಿದೆ, ಪೊಲೀಸ್‌ಗೆ ಗೊತ್ತಾಗೋದು ಕ್ಲೈಮ್ಯಾಕ್ಸ್‌ನಲ್ಲಿ, ಅಲ್ಲಿವರೆಗೂ ನಾವು ಅವನಿಗೋಸ್ಕರ ಕಾಯ್ತಾ ಕೂರಬೇಕು. ಹಂಗಾದ್ರೆ ಹೀಗೆ ಬರೀರಿ: 'ಇಂಟರ್ವಲ್ ಹೊತ್ತಿಗೆ ನಾವು ಪೊಲೀಸ್‌ಗಿಂತ ಮುಂದಿರ್ತೀವಿ, ಆಮೇಲೆ ಅವನು ಬಂದು ಸೇರೋವರೆಗೂ ಸಿನಿಮಾ ನಿಂತಲ್ಲೇ ನಿಂತಿರುತ್ತೆ.' ಅಪರಾಧಿ ಹೆಸರು ಎಲ್ಲಾದ್ರೂ ಬಂತಾ? ಸ್ಪಾಯ್ಲರ್ ಇಲ್ಲ, ಲ್ಯಾಗ್ ಯಾಕೆ ಅಂತಾನೂ ಗೊತ್ತಾಯ್ತು, ಓದಿದೋರಿಗೆ ಅದು ತಡ್ಕೊಳ್ಳೋ ಅಂಥದ್ದಾ ಅಂತ ಅವರೇ ತೀರ್ಮಾನ ಮಾಡ್ಕೋತಾರೆ. 'ಬಿಜಿಎಂ ಬೆಂಕಿ'ಗೂ ಇದೇ ಚಿಕಿತ್ಸೆ, ಯಾವ ಸೀನ್‌ನಲ್ಲಿ ಮ್ಯೂಸಿಕ್ ಬಂತು, ಯಾವ ಸೀನ್‌ನಲ್ಲಿ ಇರಬೇಕಿತ್ತು ಆದ್ರೆ ಬೇಕಂತಾನೇ ನಿಲ್ಲಿಸಿದ್ರು, ಅದನ್ನ ಬರೀರಿ. ಕಥೆಗೆ ನಾಲ್ಕು ಸಾಲು ಸಾಕು, ಮೊದಲ ಇಪ್ಪತ್ತು ನಿಮಿಷ ದಾಟಬೇಡಿ.

ಸ್ಟಾರ್ ಕೊಡೋ ವಿಷಯಕ್ಕೆ ರೋಜರ್ ಈಬರ್ಟ್ ಮಾತು ನೆನಪಿಟ್ಕೊಳ್ಳಿ. 1975ರಲ್ಲಿ ಪುಲಿಟ್ಜರ್, ಅಂದ್ರೆ ಅಮೆರಿಕದ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿ ಬಂತು ಅವರಿಗೆ, ಸಿನಿಮಾ ವಿಮರ್ಶಕರಲ್ಲಿ ಮೊದಲನೆಯವರು. ಸ್ಟಾರ್ ಅನ್ನೋದು ಆಯಾ ಜಾತಿಯ ಸಿನಿಮಾಗಳ ಜೊತೆ ಹೋಲಿಸಿ ಕೊಡೋದು ಅಂತಿದ್ರು. ಸೂಪರ್‌ಹೀರೋ ಸಿನಿಮಾ ಹೆಂಗಿದೆ ಅಂತ ಗೆಳೆಯ ಕೇಳಿದ್ರೆ ಅವನಿಗೆ ಬೇಕಿರೋದು ಬೇರೆ ಸೂಪರ್‌ಹೀರೋ ಸಿನಿಮಾಗಳ ಜೊತೆ ಹೋಲಿಕೆ, ಯಾವುದೋ ಗಂಭೀರ ಕಲಾಕೃತಿ ಜೊತೆ ಅಲ್ಲ. ಹಾರರ್ ಸಿನಿಮಾಗೆ ಹೋಗಿ 'ಸಂದೇಶ ಇಲ್ಲ' ಅಂತ ಒಂದು ಸ್ಟಾರ್ ಕಿತ್ಕೊಳ್ಳೋರು ಇದನ್ನ ಎರಡು ಸಲ ಓದಿ.

ಪ್ರಶ್ನೆ: ಯೂಟ್ಯೂಬ್ ರಿವ್ಯೂನಲ್ಲಿ ಟ್ರೈಲರ್ ತುಣುಕು ಹಾಕಿದ್ದಕ್ಕೆ ಕಾಪಿರೈಟ್ ಕ್ಲೇಮ್ ಬಂದಿದೆ. ಚಾನೆಲ್ ಹೋಗ್ಬಿಡುತ್ತಾ?

ಗಾಬರಿ ಬೇಡ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಹುಪಾಲು ಕಂಟೆಂಟ್ ಐಡಿ ಅನ್ನೋ ಯಂತ್ರ ತಾನಾಗೇ ಹಾಕೋದು, ಜಾಹೀರಾತಿನ ದುಡ್ಡು ಸಿನಿಮಾದ ಹಕ್ಕುದಾರರಿಗೆ ಹೋಗಬಹುದು ಅಥವಾ ವಿಡಿಯೋ ಬ್ಲಾಕ್ ಆಗಬಹುದು, ಸಾಮಾನ್ಯವಾಗಿ ಚಾನೆಲ್‌ಗೆ ಏಟಿಲ್ಲ. ಹೆದರಬೇಕಾದ್ದು ಸ್ಟ್ರೈಕ್‌ಗೆ, ಹಕ್ಕುದಾರರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬೀಳೋದು ಅದು, 90 ದಿನದೊಳಗೆ ಮೂರು ಬಿದ್ರೆ ಚಾನೆಲ್ ತೆಗೀಬಹುದು. ವಿಮರ್ಶೆಗೆ ಅಂತ ತುಣುಕು ಬಳಸೋಕೆ ಎಷ್ಟೋ ದೇಶಗಳ ಕಾನೂನಲ್ಲಿ ಜಾಗ ಇದೆ, ಆದ್ರೆ ಯಂತ್ರಕ್ಕೆ ಕಾನೂನು ಓದೋಕೆ ಬರಲ್ಲ, ಅದಕ್ಕೇ ಆಕ್ಷೇಪಣೆ ಸಲ್ಲಿಸೋ ದಾರಿ ಕೊಟ್ಟಿದ್ದಾರೆ. ತುಣುಕು ಚಿಕ್ಕದಿರಲಿ, ಅದರ ಮೇಲೆ ನಿಮ್ಮ ಮಾತಿರಲಿ, ಹಾಡಂತೂ ಮ್ಯೂಟ್ ಮಾಡಿ. ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ: ಮೊದಲ ಒಂದೂವರೆ ನಿಮಿಷ 'ಬೆಲ್ ಬಟನ್ ಒತ್ತಿ' ಅಂತ ಗೋಗರೀತೀರಲ್ಲ, ಅಷ್ಟರಲ್ಲಿ ಸಿನಿಮಾ ಹೆಂಗಿದೆ ಅಂತ ಹೇಳಿ ಮುಗಿಸಬಹುದು.

ಪ್ರಶ್ನೆ: ರಾತ್ರಿ ಏನು ನೋಡೋದು ಅಂತ ಹುಡುಕೋದ್ರಲ್ಲೇ ಒಂದು ಗಂಟೆ ಹೋಗುತ್ತೆ, ಆಮೇಲೆ ನಿದ್ದೆ ಬರುತ್ತೆ.

ಆರಿಸೋ ಕೆಲಸ ರಾತ್ರಿ ಇಟ್ಕೋಬೇಡಿ. ಯಾರೋ ಒಳ್ಳೇ ಸಿನಿಮಾ ಹೆಸರು ಹೇಳಿದ ತಕ್ಷಣ ವಾಚ್‌ಲಿಸ್ಟ್‌ಗೆ ಹಾಕಿ, ಯಾರು ಹೇಳಿದ್ರು ಅಂತಾನೂ ಬರ್ಕೊಳ್ಳಿ, ಅದು ಬಲು ಮುಖ್ಯ. ರಾತ್ರಿ ಕೂತಾಗ ಎಷ್ಟು ಹೊತ್ತಿನ ಸಿನಿಮಾ ಅಂತ ಮಾತ್ರ ನೋಡಿ ಒಂದು ಹಾಕಿ. ಪೋಸ್ಟರ್ ನಂಬಬೇಡಿ. ನಿಮ್ಮ ರುಚಿ ನೋಡಿ ಒಂದೇ ಸಿನಿಮಾಗೆ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ತೋರಿಸ್ತೀವಿ ಅಂತ ನೆಟ್‌ಫ್ಲಿಕ್ಸ್‌ನವರೇ 2017ರಲ್ಲಿ ವಿವರವಾಗಿ ಬರೆದಿದ್ದಾರೆ. ನೀವು ಕಾಮಿಡಿ ಜಾಸ್ತಿ ನೋಡೋರಾದ್ರೆ, ಎರಡೇ ಸೀನ್‌ನಲ್ಲಿ ಬಂದು ಹೋಗೋ ಕಾಮಿಡಿಯನ್ ಮುಖ ನಿಮ್ಮ ಪೋಸ್ಟರ್ ಪೂರ್ತಿ ತುಂಬಿರಬಹುದು.

ಪ್ರಶ್ನೆ: ಎಲ್ಲರೂ ಕೊಂಡಾಡೋ ಕ್ಲಾಸಿಕ್ ನನಗೆ ಬೋರ್ ಆಯ್ತು. ನನಗೇ ಏನಾದ್ರೂ ಕಮ್ಮಿನಾ?

ಏನೂ ಕಮ್ಮಿ ಇಲ್ಲ. 1958ರ 'ವರ್ಟಿಗೋ' ಬಂದಾಗ ವಿಮರ್ಶಕರೇ ಅರ್ಧಂಬರ್ಧ ಮನಸ್ಸಲ್ಲಿ ಬರೆದಿದ್ರು. ಸೈಟ್ ಅಂಡ್ ಸೌಂಡ್ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಓಟು ತಗೊಳ್ಳುತ್ತೆ, ಅಲ್ಲಿ 2012ರಲ್ಲಿ ಅದೇ ಸಿನಿಮಾ ಮೊದಲ ಸ್ಥಾನಕ್ಕೆ ಬಂತು, 2022ರಲ್ಲಿ ಶಾಂತಾಲ್ ಅಕರ್ಮನ್ ಅವರ 1975ರ 'ಜಾನ್ ಡೀಲ್ಮನ್' ಅದನ್ನ ಕೆಳಗಿಳಿಸ್ತು. ವಿಮರ್ಶಕರೇ ಇಷ್ಟು ಮನಸ್ಸು ಬದಲಾಯಿಸ್ತಾರೆ ಅಂದ್ರೆ ನೀವು ಒಂದೇ ರಾತ್ರಿಗೆ ಒಪ್ಪಬೇಕು ಅಂತ ಏನಿಲ್ಲ.

ಪ್ರಶ್ನೆ: ಅರ್ಧಕ್ಕೇ ಎದ್ದು ಬಂದ ಸಿನಿಮಾಗೆ ರಿವ್ಯೂ ಬರೀಬಹುದಾ?

ಬರೀಬಹುದು. 'ಇಂಟರ್ವಲ್‌ಗೆ ಎದ್ದು ಬಂದೆ' ಅಂತ ಮೊದಲ ಸಾಲಲ್ಲೇ ಹಾಕಿ, ಅಲ್ಲಿವರೆಗಿನದ್ದಷ್ಟೇ ಮಾತಾಡಿ, ಸ್ಟಾರ್ ಕೊಡಬೇಡಿ. ಕ್ಲೈಮ್ಯಾಕ್ಸ್ ಚೆನ್ನಾಗಿಲ್ಲ ಅಂತಂತೂ ಬರೀಬೇಡಿ ದಯವಿಟ್ಟು, ಅಂಥ ರಿವ್ಯೂಗಳು ಈಗಾಗಲೇ ಸಾಕಷ್ಟಿವೆ.